ಹಸಿ ಸ್ಲ್ಯಾಬಿನ ಮೇಲೆ ಅಕ್ಕ

ಏಣಿ ಕಿರುಗುಟ್ಟಿದ್ದೇ ತಡ, ತಮ್ಮ ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕೂತ ಜಾಗ ಒಣಗಿದ್ದದ್ದು ಒಳ್ಳೆಯದೇ ಆಯಿತು. ದೊಡ್ಡ ಬಸ್ಸು ಓಡಿಸುವ, ಮೀಸೆ ಬಂದು ಅರ್ಧ ನರೆತ ಗಂಡಸು ತನ್ನದೇ ಮನೆಯ ತಾರಸಿಯಲ್ಲಿ ಕಳ್ಳನ ಹಾಗೆ ಅಡಗಿ ಕೂರಬೇಕಾಗಿ ಬಂದಿತ್ತು. ಇರಲಿ. ಇವತ್ತು ಅಕ್ಕ ಕೈಗೆ ಸಿಕ್ಕಿಬೀಳಬೇಕು.

ಇಬ್ಬರೂ ಮೇಸ್ತ್ರಿಯ ಮಕ್ಕಳು. ಮರಳುಗುಡ್ಡೆಯಲ್ಲಿ ಆಡಿ, ಸಿಮೆಂಟು ಚೀಲದ ಮೇಲೆ ನಿದ್ದೆ ಹೊಡೆದು ಬೆಳೆದವರು. ಅಪ್ಪ ಕಂಡವರಿಗೆಲ್ಲ ಮನೆ ಕಟ್ಟಿಕೊಟ್ಟು ತನಗೆಂದು ಉಳಿಸಿದ್ದು ಈ ಖಾಲಿ ಜಾಗ ಒಂದನ್ನೇ. ಅವನು ತೀರಿಕೊಂಡ ಮೇಲೆ, ಅದನ್ನು ನನಗೇ ಕೊಟ್ಟ ಎಂದು ಅಕ್ಕ, ನನಗೇ ಎಂದು ತಮ್ಮ. ಮಾತು ಕೋರ್ಟಿಗೆ ಹೋಯಿತು.

"ತೀರ್ಪು ಬರೋ ತನಕ ಕೈ ಕಟ್ಕೊಂಡು ಕೂತಿರಿ" ಎಂದು ವಕೀಲರು ಬಡಕೊಂಡರು.

"ಅವಳಿಗೆ ಹೆದರಿ ಕೂರೋ ಮಗ ನಾನಲ್ಲ ಸ್ವಾಮಿ. ಸೂರು ಹಾಕಿ ತೋರಿಸ್ತೀನಿ. ಆಮೇಲೆ ಯಾರು ಎಬ್ಬಿಸ್ತಾರೋ ನೋಡೇ ಬಿಡೋಣ."

ಪಾಯ ತೋಡಿದ ದಿನ ಅಕ್ಕ ಎದುರಿನ ತನ್ನ ಮನೆಯ ಬಾಗಿಲಲ್ಲಿ ನಿಂತು ನೋಡಿದಳು. ತುಟಿ ಬಿಚ್ಚಲಿಲ್ಲ. ಅವಳು ಸುಮ್ಮನಿದ್ದಾಳೆ ಅಂದರೆ ಒಳಗೇನೋ ಕುದಿಯುತ್ತಿದೆ ಎಂದೇ ಅರ್ಥ.

ಅದು ಉಕ್ಕಿದ್ದು ಕಂಬಿ ಕಟ್ಟುವ ದಿನ. ಬೀದಿಯತ್ತ ಚಾಚಿದ ಬಾಲ್ಕನಿಯ ಕಂಬಿಗಳ ನಡುವೆ ಬಂದು ಕೂತೇಬಿಟ್ಟಳು.

"ಏಳಕ್ಕ, ಕೆಲಸ ನಿಂತಿದೆ."

"ನಿಲ್ಲಲಿ. ಕಂಬೀನ ಅಡಿಗೆ ಹಾಸಿದ್ದಾರಲ್ಲೋ. ಹೊರಗೆ ಚಾಚಿದ್ದು ಬಗ್ಗುವಾಗ ಜಗ್ಗೋದು ಮೇಲುಗಡೆ. ಕಾಂಕ್ರೀಟು ಎಷ್ಟು ಅದುಮಿದ್ರೂ ತಡ್ಕೊಳ್ಳುತ್ತೆ, ಎಳೆದ್ರೆ ಮಾತ್ರ ಬಿಸ್ಕತ್ತು. ಎಳೆತಕ್ಕೆ ಎದೆ ಕೊಡೋದು ಕಂಬಿ. ಅದು ಮೇಲಿರಬೇಕು."

"ಮೇಸ್ತ್ರಿ ಇದ್ದಾನೆ, ನೋಡ್ಕೋತಾನೆ."

"ನೋಡ್ಕೊಂಡಿರೋದು ಕಾಣ್ತಾನೇ ಇದೆ."

ಬಿಚ್ಚಿ ಮತ್ತೆ ಕಟ್ಟುವ ತನಕ ಜಾಗ ಬಿಟ್ಟು ಕದಲಲಿಲ್ಲ. ಕಂಬಿ ಕೆಳಗಿನ ಅಚ್ಚಿನ ಹಲಗೆಗೆ ತಾಗಿದಲ್ಲೆಲ್ಲ ಅಡಿಗೆ ಸಿಮೆಂಟಿನ ಬಿಲ್ಲೆ ಇಡಿಸಿದಳು. ಸುತ್ತಲೂ ಕಾಂಕ್ರೀಟಿನ ಹೊದಿಕೆ ಇಲ್ಲದಿದ್ದರೆ ಕಂಬಿ ತುಕ್ಕು ತಿನ್ನುತ್ತದಂತೆ. ಇಡೀ ದಿನ ಹಾಳಾಯಿತು. ಕೆಲಸ ನಿಲ್ಲಿಸಲು ಇವಳಿಗೆ ಕೋರ್ಟು ಯಾಕೆ ಬೇಕು, ಇವಳೊಬ್ಬಳೇ ಸಾಕು ಎಂದು ತಮ್ಮ ಹಲ್ಲು ಕಡಿದ.

ಕಾಂಕ್ರೀಟು ಹಾಕುವ ದಿನ ಇನ್ನೂ ಜೋರು. ಸಲೀಸಾಗಿ ಹರಿಯಲೆಂದು ಆಳುಗಳು ಕಲಸುವ ಯಂತ್ರಕ್ಕೆ ಮತ್ತೆ ಮತ್ತೆ ನೀರು ಬಿಡುತ್ತಿದ್ದರು. ಅಕ್ಕ ಬೀದಿ ದಾಟಿ ಬಂದು ಪೈಪನ್ನೇ ಕಿತ್ತೆಸೆದಳು.

"ಇದನ್ನ ಸುರೀತೀರೋ, ಕುಡೀತೀರೋ? ನೀರು ಹೆಚ್ಚಾದಷ್ಟೂ ಬಲ ಕಮ್ಮಿ."

ಬೀದಿಯವರೆಲ್ಲ ಒಲೆ ಮೇಲಿಟ್ಟದ್ದನ್ನೂ ಮರೆತು ಹೊರಗೆ ಬಂದರು. ತಮ್ಮನ ಪಿತ್ತ ನೆತ್ತಿಗೇರಿತು. "ನನ್ನ ಮನೆ ಇದು. ನೀರಲ್ಲಾದ್ರೂ ಕಟ್ಟಿಸ್ತೀನಿ, ಹಾಲಲ್ಲಾದ್ರೂ ಕಟ್ಟಿಸ್ತೀನಿ. ನಿನಗೇನು?"

ಅಕ್ಕ ನಕ್ಕಳು. "ಕಟ್ಟಿಸು, ನೋಡೋಣ" ಎಂದು ಬಿದ್ದ ಪೈಪಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಅವಳು ಒಪ್ಪಿದ ಹದಕ್ಕೇ ಕಲಸಬೇಕಾಯಿತು.

ಅಂತೂ ಸೂರಿನ ಸ್ಲ್ಯಾಬು ಹಾಕಿಯಾಯಿತು. ಮೇಲೆ ಸುತ್ತಲೂ ಗಾರೆಯ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಎಳೆ ಕಾಂಕ್ರೀಟು ಬಾಣಂತಿ ಮನೆಯ ಕೂಸಿದ್ದಂತೆ. ನೀರು ತಪ್ಪಿ ಬಿಸಿಲಿಗೆ ಒಣಗಿತೋ, ಗಟ್ಟಿಯಾಗುವ ಮೊದಲೇ ಬಿರುಕು ಬಿಡುತ್ತದೆ. ಅದನ್ನು ಕಾಯುವ ಹೊಣೆ ತಮ್ಮನ ಹೆಂಡತಿಯ ಅಣ್ಣನದು. ಬೇರೆ ಯಾವ ಕೆಲಸದಲ್ಲೂ ನಿಲ್ಲದ ದೊಡ್ಡ ಆಸಾಮಿ. ಅವನೇ ದೂರು ತಂದವನು.

"ಭಾವ, ನೀವು ಡ್ಯೂಟಿಗೆ ಹೋದ್ಮೇಲೆ ಮಧ್ಯಾಹ್ನ ನಿಮ್ಮಕ್ಕ ಮೇಲೆ ಹತ್ತುತ್ತಾರೆ. ಕೈಯಲ್ಲಿ ಕರಣೆ ಇರುತ್ತೆ. ಕಟ್ಟೆ ಒಡೆದು ನೀರು ಬಿಡ್ತಾರೋ ಏನೋ, ನಾನು ಬಾಯಿ ಬಿಟ್ಟು ಹೇಳಲ್ಲಪ್ಪ."

ತಮ್ಮನಿಗೆ ಎಲ್ಲವೂ ಬಿಡಿಸಿ ಇಟ್ಟ ಹಾಗಾಯಿತು. ಗೋಡೆ ಕೆಡವಿದರೆ ಪೊಲೀಸರು ಬರುತ್ತಾರೆ. ಬರೀ ನೀರು ಖಾಲಿ ಮಾಡಿದರೆ ಯಾರು ಬರುತ್ತಾರೆ? ಮಾರನೆಯ ದಿನವೇ ರಜೆ ಹಾಕಿ ತಾರಸಿ ಹತ್ತಿದ.

ಅಕ್ಕ ಮೇಲೆ ಬಂದಳು. ಸೊಂಟದಲ್ಲಿ ಕರಣೆ, ಕೈಯಲ್ಲಿ ಬಕೆಟ್ಟು. ನೇರ ಮೂಲೆಗೆ ಹೋಗಿ ಕಟ್ಟೆಯ ಮುಂದೆ ಕೂತು ಕರಣೆ ಎತ್ತಿದಳು.

"ಸಿಕ್ಕಿಬಿದ್ದೆಯಲ್ಲ" ಎಂದು ತಮ್ಮ ನೆಗೆದ. ಕಾಲು ಜೋಮು ಹಿಡಿದಿದ್ದರಿಂದ ನೆಗೆತ ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಅಕ್ಕ ತಿರುಗಲಿಲ್ಲ. ಬಕೆಟ್ಟಿನಿಂದ ಗಾರೆ ತೆಗೆದು ಸೀಳು ಬಿಟ್ಟಿದ್ದ ಕಟ್ಟೆಗೆ ಮೆತ್ತಿದಳು. ಎದ್ದು ಡ್ರಮ್ಮಿಗೆ ಪೈಪು ಇಳಿಬಿಟ್ಟು ಸ್ಲ್ಯಾಬಿನ ಮೇಲೆ ನೀರು ಹರಿಸಿದಳು. ತಮ್ಮ ಆಗಷ್ಟೇ ಸ್ಲ್ಯಾಬಿನ ಕಡೆ ಕಣ್ಣು ಹಾಯಿಸಿದ. ಅರ್ಧಕ್ಕರ್ಧ ಬೆಳ್ಳಗೆ ಒಣಗಿತ್ತು. ಅವಳು ಬರುವ ಮೊದಲೇ ಒಣಗಿತ್ತು. ಕೆಳಗೆ, ಸ್ಲ್ಯಾಬಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಕಂಬಗಳ ತಂಪಿನಲ್ಲಿ, ಕಾವಲಿನವನ ಗೊರಕೆ ಕೇಳುತ್ತಿತ್ತು.

"ದಿನಾ ನೀನೇನಾ ನೀರು ಕಟ್ತಿರೋದು?"

"ಮತ್ತೆ? ಅವನು ಕನಸಲ್ಲಿ ಕಟ್ತಾನಾ?"

ತಮ್ಮ ಅವಳ ಪಕ್ಕ ಬಂದು ನಿಂತ. ಬಾಲ್ಕನಿ, ಪೈಪು, ಬೀದಿ ಜಗಳ, ಎಲ್ಲ ಒಂದೊಂದಾಗಿ ಮಗ್ಗುಲು ಬದಲಿಸಿ ಬೇರೆಯೇ ಕಂಡವು. ಎಷ್ಟಾದರೂ ಎತ್ತಿ ಆಡಿಸಿದ ಅಕ್ಕ.

"ಇಷ್ಟು ಪ್ರೀತಿ ಇಟ್ಕೊಂಡು ಕೋರ್ಟು ಯಾಕಕ್ಕ? ಕೇಸು ಬಿಟ್ಟುಬಿಡು. ಮೇಲೊಂದು ರೂಮು ನಿನಗೇ ಅಂತ ಹಾಕಿಸ್ತೀನಿ."

ಅಕ್ಕ ಕರಣೆ ತೊಳೆದು ಸೊಂಟಕ್ಕೆ ಸಿಕ್ಕಿಸಿದಳು. ತಮ್ಮನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಪ್ರೀತಿನಾ? ತೀರ್ಪು ಬಂದ್ಮೇಲೆ ಇದರ ಕೆಳಗೆ ಮಲಗೋಳು ನಾನು ಕಣೋ. ನೀನು ಕಟ್ಟಿಸಿದ್ದನ್ನ ನಂಬಿ ನಿದ್ದೆ ಬರುತ್ತಾ ನನಗೆ?"