ರೆಬೆಕಾ ಅಜ್ಜಿಯ ಜೋಗುಳ

ಹೂಡಿಯ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಯಾರಾದರೂ ಕಿತ್ತಳೆ ಸುಲಿದರೆ ನನಗೆ ಇಂದಿಗೂ ನಾಚಿಕೆಯಿಂದ ಮೈಯೆಲ್ಲ ಉರಿಯುತ್ತದೆ.

ನನ್ನ ಬಾಲ್ಯದ ಒಂದು ಮಧ್ಯಾಹ್ನ ವೈಟ್‌ಫೀಲ್ಡಿನ ನಮ್ಮ ಹಳೆಯ ಮನೆಯಲ್ಲಿ, ಪಕ್ಕದ ಮನೆಯ ಯಹೂದಿ ರೆಬೆಕಾ ಅಜ್ಜಿ ಕಿತ್ತಳೆ ಸಿಪ್ಪೆ ಘಮಘಮಿಸುವ ಕೈಯಿಂದ ನನ್ನ ತಮ್ಮನನ್ನು ತಟ್ಟುತ್ತಾ, ತಮ್ಮ ಅಜ್ಜಿಯರ ಹಳೆಯ ಸ್ಪ್ಯಾನಿಷ್ ಜೋಗುಳ ಹಾಡುತ್ತಿದ್ದರು. ನನಗೆ ಸೀಟು ಕೊಡಬೇಕಿದ್ದ ಕಾನ್ವೆಂಟ್ ಶಾಲೆಯ ಸಿಸ್ಟರ್ ಮನೆ ನೋಡಲು ಬಂದರು. ಅವರು ಸ್ಪೇನಿನವರು.

"ಮೈ ಗುಡ್‌ನೆಸ್! ಇದು ನಮ್ಮ ಹಾಡು. ನಿಮಗೆ ಯಾರು ಕೊಟ್ಟರು?"

ಅಜ್ಜಿಯ ಕೈ ನಿಂತಿತು. "ಯಾರೂ ಕೊಡ್ಲಿಲ್ಲ, ಸಿಸ್ಟರ್. ಐನೂರು ವರ್ಷದ ಹಿಂದೆ ಯಹೂದಿಗಳು ಅಂತ ನಿಮ್ಮೋರು ನಮ್ಮೋರನ್ನ ಸ್ಪೇನಿಂದ ಓಡಿಸ್ದಾಗ ಮನೆ ಕಿತ್ಕೊಂಡ್ರು. ಹಾಡು ಬಾಯಲ್ಲಿತ್ತು, ಕಿತ್ಕೊಳ್ಳೋಕಾಗ್ಲಿಲ್ಲ."

ಅಮ್ಮ ಅಡುಗೆಮನೆಯಿಂದ ಓಡಿಬಂದು ಕೈಮುಗಿದಳು. "ಸಾರಿ ಸಿಸ್ಟರ್, ವಯಸ್ಸಾಗಿದೆ, ಏನೇನೋ ರಬ್ಬಿಶ್ ಮಾತಾಡ್ತಾರೆ."

ಅಜ್ಜಿ ಮಗುವನ್ನು ಅಮ್ಮನ ಕೈಗಿಟ್ಟು ಹೊರಟುಹೋದರು. ಮತ್ತೆಂದೂ ನಮ್ಮ ಮನೆಗೆ ಬರಲಿಲ್ಲ.

ನನಗೆ ಸೀಟು ಸಿಕ್ಕಿತು.