ಬಿಟ್ಟುಕೊಟ್ಟ ಆನೆ

ಬೇಕಂತಲೇ ಬಿಟ್ಟಿದ್ದಾನೆ. ಮರಿಯಮಬಿಗೆ ಅನುಮಾನವೇ ಉಳಿಯಲಿಲ್ಲ. ಬಿಳಿಯ ಆನೆ ಯಾವ ಕಾವಲೂ ಇಲ್ಲದೆ ಅವಳ ಕುದುರೆಯ ಬಾಯಿಗೇ ಬಂದು ನಿಂತಿತ್ತು.

ಕುಂದಗೋಳದ ಶಾಲೆಯಲ್ಲಿ ಬೆಳಿಗ್ಗೆ ಇಪ್ಪತ್ತು ಜನ ಚದುರಂಗದ ಮಣೆ ಮುಂದಿಟ್ಟುಕೊಂಡು ಕೂತಿದ್ದರು. ಗ್ರ್ಯಾಂಡ್‌ಮಾಸ್ಟರ್ ಕಾಶಿನಾಥ ಒಬ್ಬನೇ ಸುತ್ತುತ್ತ ಅಷ್ಟೂ ಜನರ ಜೊತೆ ಆಡುತ್ತಿದ್ದ. ಹುಬ್ಬಳ್ಳಿಯವನೇ, ಈಗ ದೇಶ ದೇಶ ತಿರುಗುವವನು. ಮಧ್ಯಾಹ್ನದ ಹೊತ್ತಿಗೆ ಹತ್ತೊಂಬತ್ತು ಜನ ಸೋತು ಎದ್ದರು. ಉಳಿದವಳು ಕೌದಿ ಹೊಲಿಯುವ ಮರಿಯಮಬಿ, ಐವತ್ತು ದಾಟಿದ ಹೆಂಗಸು.

ಆಟ ಕಲಿಸಿದ್ದು ಅಣ್ಣ ಮಾಬುಸಾಬ. ದಿನಾ ಅವನನ್ನು ಸೋಲಿಸುತ್ತೇನೆಂದು ಬೀಗುತ್ತ ಬೆಳೆದಿದ್ದಳು. ತಂಗಿ ಅಳಬಾರದೆಂದು ತಾನೇ ಸೋಲುತ್ತಿದ್ದೆನೆಂದು ಅವನು ಅವಳ ಮದುವೆಯ ದಿನ ಎಲ್ಲರೆದುರು ನಗುತ್ತ ಹೇಳಿಬಿಟ್ಟ. ಆ ಉರಿ ಇನ್ನೂ ಆರಿರಲಿಲ್ಲ. ಆಮೇಲೂ ಅಷ್ಟೇ. ಊರಲ್ಲಿ ಯಾರನ್ನು ಸೋಲಿಸಿದರೂ, ಹೆಂಗಸು ಅಂತ ಬಿಟ್ಟೆ ಎನ್ನುತ್ತಿದ್ದರು.

ಈಗ ಇವನೂ.

ತಲೆ ಎತ್ತಿದಳು. ಕಾಶಿನಾಥ ಕಿಟಕಿಯ ಕಡೆ ತಿರುಗಿ ನೀರು ಕುಡಿಯುತ್ತಿದ್ದ. ಬಾಟಲಿ ಬರಿದಾಗಿದ್ದರೂ ತುಟಿಯಿಂದ ತೆಗೆದಿರಲಿಲ್ಲ. ಮುಖ ಕೊಟ್ಟು ನೋಡಲೂ ಆಗದಷ್ಟು ಕನಿಕರ!

ಹಿಂದೆ ನಿಂತಿದ್ದ ಶಂಭುಲಿಂಗಪ್ಪ ಮಾಸ್ತರರು ತಡೆಯಲಾರದೆ ಬಗ್ಗಿದರು. "ದೊಡ್ಡ ಮನಸ್ಸು ಮಾಡ್ಯಾರ. ಹೊಡಿ ತಂಗಿ."

"ಯಾರ ದಾನಾನೂ ನನಗ ಬ್ಯಾಡ್ರಿ."

ಆನೆಯನ್ನು ಮುಟ್ಟದೆ ತನ್ನ ರಾಜನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದಳು. ಸುತ್ತ ನಿಂತವರು ಹಣೆ ಬಡಿದುಕೊಂಡರು. ಕಾಶಿನಾಥ ಬಂದು ಆನೆಯನ್ನು ಹಿಂದಕ್ಕೆಳೆದುಕೊಂಡ. ಮತ್ತೆ ಹತ್ತು ನಡೆಗಳಾದವು. ಗೆಲ್ಲುವಂಥದ್ದು ಇಬ್ಬರಿಗೂ ಏನೂ ಉಳಿದಿರಲಿಲ್ಲ. ಸಮ ಮಾಡಿಕೊಳ್ಳೋಣವೇ ಎಂದು ಅವನು ಕೈ ಚಾಚಿದ. ಒಪ್ಪಿದಳು.

ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಗ್ರ್ಯಾಂಡ್‌ಮಾಸ್ಟರ್‌ನನ್ನು ತಡೆದು ನಿಲ್ಲಿಸಿದವಳೆಂದು ಮಾಸ್ತರರು ಹೊಗಳಿದಷ್ಟೂ ಅವಳ ಸಿಟ್ಟು ಏರಿತು. ಹೊಗಳಿಕೆ ಮುಗಿಯುವ ಮೊದಲೇ ಶಾಲು ಮಡಚಿ ಬಗಲಿಗಿಟ್ಟು ಹೊರಬಿದ್ದಳು. ಕಾರು ಹತ್ತಲು ಬಂದ ಕಾಶಿನಾಥನಿಗೆ ಅಡ್ಡ ನಿಂತಳು.

"ಖರೇ ಹೇಳ್ರಿ. ಆ ಆನಿ ಯಾಕ ಬಿಟ್ರಿ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಬಿಟ್ಟಿದ್ದಲ್ರಿ, ಅಕ್ಕಾರ. ನಿಮ್ಮ ಕುದುರಿ ನನಗ ಕಂಡೇ ಇರಲಿಲ್ಲ. ನೀವು ಹೊಡದಿದ್ರ ನಾ ಸೋತಿರ್ತಿದ್ದೆ."