ಸಾರಿನ ಪುಡಿಯ ಗೋತ್ರ

ಹೆಣ್ಣು ನೋಡುವಾಗ ಈಗ ಋಷಿಗಳ ಹೆಸರನ್ನು ಯಾರೂ ಕೇಳುವುದಿಲ್ಲ. ಮನೆತನ ಯಾವ ಕಾರ್ಖಾನೆಯ ಸಾರಿನ ಪುಡಿ ತಿಂದು ಬೆಳೆಯಿತೋ ಅದೇ ಗೋತ್ರ. ಇಂದುಮತಿಯ ತಂದೆ ಎದೆಯುಬ್ಬಿಸಿ, "ನಮ್ದು ತುಮಕೂರಿನ ಸುಮುಖಿ ಕಾರ್ಖಾನೆ, ಮುತ್ತಜ್ಜನ ಕಾಲದಿಂದ" ಎಂದರು. ಗಂಡಿನ ಕಡೆಯವರದು ಹಾವೇರಿಯ ತ್ರಿಪರ್ಣ. ಎಲ್ಲರಿಗೂ ಸಮಾಧಾನವಾಯಿತು. ಹುಡುಗ ಶ್ರೀಕರನ ನಗು ಇಂದುಮತಿಗೂ ಹಿಡಿಸಿತ್ತು.

ಅಷ್ಟರಲ್ಲಿ ಪುರೋಹಿತ ಸೇತುರಾಮಾಚಾರ್ಯರು ಮೊಬೈಲ್ ನೋಡಿ ಕೆಮ್ಮಿದರು. "ಇವತ್ತು ಬೆಳಿಗ್ಗೆ ಸುಮುಖಿಯೋರು ತ್ರಿಪರ್ಣಾನ ಕೊಂಡ್ಕೊಂಡುಬಿಟ್ಟಿದಾರೆ. ಇನ್ನು ಇವರಿಬ್ರೂ ಅಣ್ಣ ತಂಗಿ."

ಹಿರಿಯರು ಷೇರುಪೇಟೆಯ ಇಚ್ಛೆಗೆ ಕೈಮುಗಿದು ಎದ್ದರು. ಇಂದುಮತಿಗೆ ಮೈ ಉರಿಯಿತು. ಅಡುಗೆಮನೆಗೆ ಹೋಗಿ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ ಹುರಿದು ಕುಟ್ಟಿದಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಘಮಕ್ಕೆ ಹಿಂತಿರುಗಿದರು. ಅವರೆದುರೇ ಒಂದು ಚಮಚ ಪುಡಿ ಬಾಯಿಗೆ ಹಾಕಿಕೊಂಡಳು.

"ಈಗ ನಂದು ಯಾವ ಗೋತ್ರ, ಆಚಾರ್ರೇ?"

ಆಚಾರ್ಯರು ತಡವರಿಸಿದರು. "ಯಾವ ಕಂಪನೀದೂ ಅಲ್ಲಮ್ಮ. ಶಾಸ್ತ್ರದ ಪ್ರಕಾರ ಅಡ್ಡಿ ಇಲ್ಲ."

ಶ್ರೀಕರ ಕೈ ಚಾಚಿದ. "ನಂಗೂ ಸ್ವಲ್ಪ ಕೊಡಿ."

ಆಚಾರ್ಯರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ತಿಂದ್ರೆ ಮತ್ತೆ ಸಗೋತ್ರ ಆಗ್ತೀಯಪ್ಪ. ತಾಳಿ ಕಟ್ಟೋವರೆಗೂ ಕಾರ್ಖಾನೆ ಪುಡೀನೇ ಗತಿ."

"ಹಾಗಾದ್ರೆ ಹತ್ತಿರದ ಮುಹೂರ್ತಾನೇ ನೋಡಿ" ಎಂದ ಶ್ರೀಕರ, ಬಾಯಲ್ಲೂರಿದ ನೀರು ನುಂಗುತ್ತ.